ಎಲ್ಲಿ ನಕ್ಕಿರಿ, ಅದನ್ನು ಬರೆಯಿರಿ: ಕಾಮಿಡಿ ಸೀರಿಯಲ್ ನೋಡುಗರಿಗೆ ಒಂದು ಬಹಿರಂಗ ಪತ್ರ

ಪ್ರಿಯ ನೋಡುಗರೇ,

ಸ್ಟ್ಯಾಂಡಪ್ ಕಲಾವಿದರೊಬ್ಬರ ಹೊಸ ಟಿವಿ ಸೀರಿಯಲ್ ಬಂದ ಮೊದಲ ವಾರ ಏನಾಗುತ್ತದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. "ವೇದಿಕೆ ಮೇಲೆ ಎಷ್ಟು ನಗಿಸ್ತಿದ್ರು, ಇಲ್ಲಿ ಏನೂ ಇಲ್ಲ" ಅಂತ ಒಬ್ಬರು. "ಇಂಥದ್ದು ಹಿಂದೆ ಬಂದೇ ಇಲ್ಲ" ಅಂತ ಇನ್ನೊಬ್ಬರು. "ಹತ್ತು ನಿಮಿಷಕ್ಕೇ ಆಫ್ ಮಾಡಿದೆ" ಅಂತ ಮತ್ತೊಬ್ಬರು. ಎರಡು ದಿನ ಕಳೆಯುವಷ್ಟರಲ್ಲಿ ತೀರ್ಪು ಬಂದುಬಿಟ್ಟಿರುತ್ತದೆ. ಆಮೇಲೆ ಬಂದವರು ಸೀರಿಯಲ್ ನೋಡುವುದಿಲ್ಲ, ತೀರ್ಪು ಓದಿ ಮುಂದೆ ಹೋಗುತ್ತಾರೆ.

ನಾನೂ ಅಂಥ ತೀರ್ಪು ಕೊಟ್ಟವನೇ. ಅದರ ಬೇಜಾರು ಇನ್ನೂ ಹೋಗಿಲ್ಲ. ಅದಕ್ಕೇ ಈ ಪತ್ರ.

ನನಗೆ ತುಂಬಾ ಇಷ್ಟದ ಕಲಾವಿದರೊಬ್ಬರಿದ್ದರು. ಹೆಸರು ಬೇಡ. ಅವರ ಒಂದು ಗಂಟೆಯ ಕಾರ್ಯಕ್ರಮವನ್ನು ನಾಲ್ಕೈದು ಸಲ ನೋಡಿದ್ದೆ, ಅರ್ಧ ಬಾಯಿಪಾಠವೇ ಆಗಿತ್ತು. ಅವರದೇ ಸೀರಿಯಲ್ ಬಂದ ದಿನ ಕಾದು ಕೂತು ನೋಡಿದೆ. ಹನ್ನೆರಡು ನಿಮಿಷಕ್ಕೆ ಬೇಸರ ಬಂತು. ವೇದಿಕೆ ಮೇಲಿನ ಆ ವೇಗ ಇರಲಿಲ್ಲ. ಪಂಚ್ ಬರುತ್ತದೆ ಅಂತ ಕಾದ ಕಡೆ ಬರಲಿಲ್ಲ. ಸಿಟ್ಟಿನಲ್ಲಿ ನಾಲ್ಕು ಸಾಲು ಬರೆದು ಎಲ್ಲರಿಗೂ ಕಾಣುವ ಹಾಗೆ ಹಾಕಿದೆ. ಇವರಿಗೆ ನಟನೆ ಬರುವುದಿಲ್ಲ, ಸುಮ್ನೆ ವೇದಿಕೆಗೆ ವಾಪಸ್ ಹೋಗಲಿ ಅಂತ. ತುಂಬಾ ಜನ ಹೌದು ಹೌದು ಅಂದರು. ನನಗೆ ಖುಷಿಯಾಯಿತು.

ಎಂಟು ತಿಂಗಳಾದ ಮೇಲೆ ಜ್ವರ ಬಂದು ಮಲಗಿದ್ದಾಗ ಅದೇ ಸೀರಿಯಲನ್ನು ಪೂರ್ತಿ ನೋಡಿದೆ. ಐದನೇ ಎಪಿಸೋಡಿನಲ್ಲಿ ಒಂದು ದೃಶ್ಯವಿದೆ. ಕಾಯಿಲೆ ಬಿದ್ದ ಅಪ್ಪನ ಮಂಚದ ಪಕ್ಕ ಮಗ ಕೂತಿದ್ದಾನೆ. ಮಾತಿನಿಂದಲೇ ಬದುಕಿದವನು ಅವನು. ಏನಾದರೂ ಹೇಳಿ ಅಪ್ಪನನ್ನು ನಗಿಸಬೇಕು ಅಂತ ಬಾಯಿ ತೆರೆಯುತ್ತಾನೆ, ಮುಚ್ಚುತ್ತಾನೆ, ಮತ್ತೆ ತೆರೆಯುತ್ತಾನೆ. ಕೊನೆಗೆ ಅಪ್ಪನೇ ಒಂದು ಹಳೇ ಜೋಕ್ ಹೇಳುತ್ತಾರೆ. ಅದನ್ನೂ ತಪ್ಪಾಗಿ ಹೇಳುತ್ತಾರೆ. ನಾನು ಬಿದ್ದು ಬಿದ್ದು ನಕ್ಕೆ, ಕಣ್ಣಲ್ಲಿ ನೀರೂ ಬಂತು. ಮೊದಲ ಎಪಿಸೋಡಿನಲ್ಲಿ ಆ ಪಂಚ್‌ಗಳು ಯಾಕೆ ಬಂದಿರಲಿಲ್ಲ ಅನ್ನುವುದು ಆಗ ಅರ್ಥವಾಯಿತು. ಆ ಮನುಷ್ಯ ಮಾತು ಕಳೆದುಕೊಳ್ಳುತ್ತಿದ್ದ ಕಥೆ ಅದು. ಅಷ್ಟರಲ್ಲಿ ಎರಡನೇ ಸೀಸನ್ ಇಲ್ಲ ಅಂತ ಹೇಳಿಯಾಗಿತ್ತು.

ನನ್ನ ನಾಲ್ಕು ಸಾಲಿನಿಂದ ಅದು ನಿಂತುಹೋಯಿತು ಅಂತ ನಾನು ಅಂದುಕೊಂಡಿಲ್ಲ. ನನ್ನನ್ನು ಕಾಡುವ ವಿಷಯ ಬೇರೆ. ಆ ಮೊದಲ ಹನ್ನೆರಡು ನಿಮಿಷದಲ್ಲೇ ನಾನು ಎರಡು ಸಲ ಜೋರಾಗಿ ನಕ್ಕಿದ್ದೆ. ಅದನ್ನು ಬರೆಯಲೇ ಇಲ್ಲ. ನಕ್ಕದ್ದು ನಿಜ, ಬೇಸರಪಟ್ಟದ್ದೂ ನಿಜ. ನಾನು ಬರೆದದ್ದು ಇವೆರಡೂ ಅಲ್ಲದ ಮೂರನೆಯದು. ಅವರಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಅನ್ನುವ ತೀರ್ಮಾನ. ಅದು ನನಗೆ ಗೊತ್ತಿರಲಿಲ್ಲ.

ನಗು ಅವರಿಗೆ ಎಷ್ಟು ಮುಖ್ಯ ಅನ್ನುವುದನ್ನು ಸ್ವಲ್ಪ ಯೋಚಿಸಿ. ಒಬ್ಬ ಹಾಡುಗಾರ ಮುಚ್ಚಿದ ಕೋಣೆಯಲ್ಲಿ ಅಭ್ಯಾಸ ಮಾಡಬಹುದು. ಸ್ಟ್ಯಾಂಡಪ್ ಕಲಾವಿದರಿಗೆ ಆ ದಾರಿ ಇಲ್ಲ. ಜೋಕ್ ಜೋಕ್ ಆಗಿದೆಯಾ ಅಂತ ತಿಳಿಯಲು ಎದುರಿಗೆ ಜನ ಬೇಕೇ ಬೇಕು. ಅದಕ್ಕೇ ಓಪನ್ ಮೈಕ್‌ಗಳಿಗೆ, ಅಂದರೆ ಯಾರು ಬೇಕಾದರೂ ಹತ್ತಿ ಮಾತಾಡಬಹುದಾದ ಸಣ್ಣ ವೇದಿಕೆಗಳಿಗೆ, ಹೋಗುತ್ತಾರೆ. ಹತ್ತು ಜನ ಇದ್ದರೂ ಸರಿ, ಐದು ನಿಮಿಷ ಸಿಕ್ಕರೂ ಸರಿ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, ಆಮೇಲೆ ಒಬ್ಬರೇ ಕೂತು ಕೇಳುತ್ತಾರೆ. ತಮ್ಮ ಮಾತಿಗಿಂತ ಜಾಸ್ತಿ ಜನರ ಸದ್ದನ್ನು ಕೇಳುತ್ತಾರೆ. ಎಲ್ಲಿ ನಗು ಬಂತು, ಎಲ್ಲಿ ಅರ್ಧಕ್ಕೆ ನಿಂತಿತು, ಎಲ್ಲಿ ಕೆಮ್ಮು ಕೇಳಿಸಿತು. ಮಾರನೇ ದಿನ ಒಂದು ಪದ ತೆಗೆಯುತ್ತಾರೆ. ಅದರ ಮಾರನೇ ದಿನ ಆ ಪದದ ಜಾಗದಲ್ಲಿ ಅರೆಕ್ಷಣ ಸುಮ್ಮನಿರುತ್ತಾರೆ. ಹೀಗೆ ತಿಂಗಳುಗಟ್ಟಲೆ ತಿದ್ದಿ ತಿದ್ದಿ ಒಂದು ಗಂಟೆಯ ಸೆಟ್ ತಯಾರಾಗುತ್ತದೆ. ನಾವು ನೋಡುವುದು ಸಾವಿರ ಸಲ ತಿದ್ದಿದ ಪ್ರತಿ.

ಅದೇ ಮನುಷ್ಯ ಸೀರಿಯಲ್ ಮಾಡುವಾಗ ಕಿವಿ ಕಿತ್ತು ಪಕ್ಕಕ್ಕಿಟ್ಟ ಹಾಗೆ. ಇವತ್ತು ಬರೆದದ್ದನ್ನು ವಾರಗಳ ಮೇಲೆ ಶೂಟ್ ಮಾಡುತ್ತಾರೆ. ಕ್ಯಾಮೆರಾ ಹಿಂದೆ ಇರುವವರು ಸದ್ದು ಮಾಡಬಾರದು, ನಗು ಬಂದರೂ ತುಟಿ ಕಚ್ಚಿ ನಿಲ್ಲಬೇಕು. ಎಡಿಟ್ ಆಗಿ ನಮ್ಮ ಮನೆಗೆ ಬರಲು ಇನ್ನೂ ಎಷ್ಟೋ ತಿಂಗಳು. ನಾವು ನಕ್ಕರೆ ಆ ಸದ್ದು ಅವರಿಗೆ ಕೇಳಿಸುವುದೇ ಇಲ್ಲ. ಈಗಂತೂ ಎಷ್ಟೋ ಕಡೆ ಇಡೀ ಸೀಸನ್ ಒಂದೇ ದಿನ ಬಿಡುತ್ತಾರೆ. ನಾಲ್ಕನೇ ಎಪಿಸೋಡ್ ಸರಿಯಿಲ್ಲ ಅಂತ ಗೊತ್ತಾದರೂ ಐದನೆಯದನ್ನು ತಿದ್ದಲು ಆಗುವುದಿಲ್ಲ.

ಈ ಕಿವುಡುತನ ಟಿವಿಯವರಿಗೆ ಮೊದಲಿಂದಲೂ ಗೊತ್ತು. 1951ರಲ್ಲಿ ಅಮೆರಿಕದಲ್ಲಿ 'ಐ ಲವ್ ಲೂಸಿ' ಶುರುವಾದಾಗ ಜನರನ್ನು ಸ್ಟುಡಿಯೋದಲ್ಲೇ ಕೂರಿಸಿ, ಮೂರು ಕ್ಯಾಮೆರಾ ಇಟ್ಟು ಫಿಲ್ಮಿನಲ್ಲಿ ಶೂಟ್ ಮಾಡಿದರು. ನಟರಿಗೆ ನಗು ಕೇಳಿಸಲಿ ಅಂತ. ಅದೇ ದಶಕದಲ್ಲಿ ಚಾರ್ಲಿ ಡಗ್ಲಸ್ ಅನ್ನುವ ಸೌಂಡ್ ಎಂಜಿನಿಯರ್ ಒಂದು ಯಂತ್ರ ಮಾಡಿದರು. ಟೇಪಿನಲ್ಲಿ ಬಗೆಬಗೆಯ ನಗು ತುಂಬಿಸಿಟ್ಟು, ಕೀಲಿ ಒತ್ತಿದರೆ ಬೇಕಾದ ನಗು ಬರುವ ಹಾಗೆ. ಕಿಸಕ್ಕನೆ ನಗುವವರು, ಗಹಗಹಿಸಿ ನಗುವವರು, ಎಲ್ಲ ಅದರಲ್ಲಿದ್ದರು. ಯಾವತ್ತೋ ಯಾವುದಕ್ಕೋ ಯಾರೋ ನಕ್ಕ ನಗು ಎಷ್ಟೋ ವರ್ಷ ಬೇರೆ ಬೇರೆ ಕಾರ್ಯಕ್ರಮಗಳಿಗೆ ಅಂಟಿಕೊಂಡು ಬಂತು. ಈಗ ಆ ಯಂತ್ರದ ಜಾಗದಲ್ಲಿ ನಕ್ಷತ್ರಗಳಿವೆ, ಹೆಬ್ಬೆರಳುಗಳಿವೆ, ಎಷ್ಟು ಜನ ಎಷ್ಟನೇ ನಿಮಿಷಕ್ಕೆ ಬಿಟ್ಟುಹೋದರು ಅನ್ನುವ ಲೆಕ್ಕವಿದೆ. ಒಂದೂ ಕಿವಿಯ ಕೆಲಸ ಮಾಡುವುದಿಲ್ಲ. ಉಳಿದಿರುವುದು ನಾವು ಬರೆಯುವ ಮಾತು ಒಂದೇ. ಅದನ್ನೂ ನಾವು 'ಸೂಪರ್', 'ವೇಸ್ಟ್' ಅಂತ ಎರಡು ಪದಕ್ಕೆ ಇಳಿಸಿದರೆ ಅವರು ತಿಳಿದುಕೊಳ್ಳುವುದಾದರೂ ಹೇಗೆ?

ಅಮೆರಿಕದ ಸ್ಟ್ಯಾಂಡಪ್ ಕಲಾವಿದ ಜೆರ್ರಿ ಸೈನ್‌ಫೆಲ್ಡ್ ಅವರ 'ಸೈನ್‌ಫೆಲ್ಡ್' ಸೀರಿಯಲ್ಲಿನ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. ಆದರೂ ನಾನು ಬೇರೆ ಕಾರಣಕ್ಕೆ ಅದನ್ನು ಹೇಳಬೇಕು. 1989ರ ಜುಲೈ 5ರಂದು ಎನ್‌ಬಿಸಿ ಚಾನೆಲ್‌ನಲ್ಲಿ ಅದರ ಪೈಲಟ್, ಅಂದರೆ ಪರೀಕ್ಷೆಗೆ ಅಂತ ಮಾಡಿದ ಮೊದಲ ಎಪಿಸೋಡ್, ಬಂತು. ಅದಕ್ಕೂ ಮೊದಲೇ ಚಾನೆಲ್ ಅದನ್ನು ಒಂದಷ್ಟು ಜನರಿಗೆ ತೋರಿಸಿ ಅಭಿಪ್ರಾಯ ಕೇಳಿತ್ತು. ವರದಿಯ ಒಟ್ಟು ತೀರ್ಪು 'ದುರ್ಬಲ' ಅಂತ. ಅದರಲ್ಲಿ ಒಬ್ಬ ನೋಡುಗನ ಮಾತೂ ಸೇರಿತ್ತು. ಇಬ್ಬರು ಗಂಡಸರು ಬಟ್ಟೆ ಒಗೆಸಲು ಲಾಂಡ್ರಿಗೆ ಹೋಗುತ್ತಾರೆ, ಇದರಲ್ಲಿ ಉತ್ಸಾಹ ಪಡುವಂಥದ್ದು ಏನಿದೆ ಅನ್ನುವ ಅರ್ಥದ ಮಾತು. ಚಾನೆಲ್ ಸೀರಿಯಲನ್ನು ಮುಂದುವರಿಸದಿರುವ ಹಂತಕ್ಕೆ ಬಂದಿತ್ತು. ಆಗ ರಿಕ್ ಲಡ್ವಿನ್ ಅನ್ನುವ ಅಧಿಕಾರಿ ಮುಂದೆ ಬಂದರು. ತಡರಾತ್ರಿಯ ಕಾರ್ಯಕ್ರಮ ಮತ್ತು ವಿಶೇಷ ಕಾರ್ಯಕ್ರಮಗಳು ಅವರ ವಿಭಾಗ, ಸಿಟ್‌ಕಾಮ್ ಅಂದರೆ ಇಂಥ ಕಾಮಿಡಿ ಸೀರಿಯಲ್ ಅವರದಲ್ಲ. ಬಾಬ್ ಹೋಪ್ ಅವರ ಒಂದು ವಿಶೇಷ ಕಾರ್ಯಕ್ರಮ ಬಿಟ್ಟು, ಆ ದುಡ್ಡಿನಲ್ಲಿ ನಾಲ್ಕು ಎಪಿಸೋಡ್ ಮಾಡಿಸಿದರು. ನಾಲ್ಕೇ. ಅವು 1990ರ ಬೇಸಿಗೆಯಲ್ಲಿ ಬಂದವು. 1994-95ರ ಹೊತ್ತಿಗೆ ಅದು ಅಮೆರಿಕದ ನಂಬರ್ ಒನ್ ಸೀರಿಯಲ್.

ಈ ಕಥೆಯನ್ನು ಎಲ್ಲರೂ 'ನೋಡಿ, ಜನಕ್ಕೆ ಏನೂ ಗೊತ್ತಾಗುವುದಿಲ್ಲ' ಅನ್ನಲು ಬಳಸುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಆ ಲಾಂಡ್ರಿಯ ಮಾತು ಆಡಿದ ನೋಡುಗನ ಕಣ್ಣು ಎಷ್ಟು ಚುರುಕು ನೋಡಿ. ಏನೂ ನಡೆಯುವುದಿಲ್ಲ, ಇಬ್ಬರು ಸುಮ್ನೆ ಎಲ್ಲೋ ಹೋಗಿ ಮಾತಾಡುತ್ತಾ ಕೂರುತ್ತಾರೆ. ಇಡೀ ಸೀರಿಯಲ್ಲಿನ ಜೀವವೇ ಅದು! ಒಂಬತ್ತು ವರ್ಷ ಜನ ಅದಕ್ಕೇ ಕಾದು ಕೂತರು. ಆ ಮನುಷ್ಯ ನೋಡಿದ್ದು ನೂರಕ್ಕೆ ನೂರು ಸರಿ. ಅದಕ್ಕೆ ಹಚ್ಚಿದ ತೀರ್ಪು ಮಾತ್ರ ಅವಸರದ್ದು. ವರದಿಯಲ್ಲಿ 'ದುರ್ಬಲ' ಅನ್ನುವ ಪದವಷ್ಟೇ ಉಳಿದಿದ್ದರೆ ಇವತ್ತು ನಮಗೆ ಅದರಿಂದ ಏನೂ ತಿಳಿಯುತ್ತಿರಲಿಲ್ಲ. ಲಾಂಡ್ರಿಯ ಮಾತು ಉಳಿದಿದೆಯಲ್ಲ, ಅದು ಇವತ್ತಿಗೂ ಬೆಲೆ ಇರುವ ಮಾತು.

ಇನ್ನೊಂದು ವಿಷಯ. ಆ ಪೈಲಟ್‌ನಲ್ಲಿ, ಆಮೇಲೆ ಮುಖ್ಯ ಪಾತ್ರವಾದ ಇಲೇನ್ ಇಲ್ಲ. ಗಂಡಸರೇ ತುಂಬಿಕೊಂಡಿದ್ದಾರೆ, ಒಬ್ಬ ಹೆಣ್ಣು ಪಾತ್ರ ಬೇಕು ಅಂತ ಚಾನೆಲ್‌ನವರು ಹೇಳಿದ ಮೇಲೆ ಆ ಪಾತ್ರಕ್ಕೆ ಜೂಲಿಯಾ ಲೂಯಿ-ಡ್ರೇಫಸ್ ಬಂದರು. ಅವರಿಲ್ಲದ ಆ ಸೀರಿಯಲನ್ನು ನನಗೆ ಊಹಿಸಲೂ ಆಗುವುದಿಲ್ಲ. 'ಇಲ್ಲಿ ಇಂಥದ್ದು ಕಡಿಮೆಯಿದೆ' ಅಂತ ಬೆರಳಿಟ್ಟು ತೋರಿಸಿದ ಮಾತಿನಿಂದ ಬಂದ ಲಾಭ ಅದು. 'ಬೆಳೆಯ ಸಿರಿ ಮೊಳಕೆಯಲ್ಲಿ' ಅನ್ನುತ್ತೇವಲ್ಲ, ಈ ಸೀರಿಯಲ್ಲಿಗೆ ಆ ಮಾತು ಹೊಂದಲಿಲ್ಲ. ಮೊಳಕೆಯಲ್ಲಿ ಕಾಣದ್ದು ಆಮೇಲೆ ಬಂತು.

1998ರ ಮೇ 14ರಂದು ಅದರ ಕೊನೆಯ ಎಪಿಸೋಡ್ ಬಂದಾಗ ಸುಮಾರು 7.6 ಕೋಟಿ ಜನ ನೋಡಿದರು. ಎಷ್ಟೋ ಮಂದಿಗೆ ಸಿಟ್ಟು ಬಂತು. ಮುಖ್ಯ ಪಾತ್ರಗಳು ನಾಲ್ವರೂ ಕೋರ್ಟಿನಲ್ಲಿ ನಿಲ್ಲುತ್ತಾರೆ, ಒಂಬತ್ತು ವರ್ಷದಲ್ಲಿ ಅವರಿಂದ ನೋವು ತಿಂದವರೆಲ್ಲ ಒಬ್ಬೊಬ್ಬರಾಗಿ ಬಂದು ಸಾಕ್ಷಿ ಹೇಳುತ್ತಾರೆ, ಕೊನೆಗೆ ಜೈಲು. ಆ ಸಿಟ್ಟಿನ ಬಗ್ಗೆ ನಾನು ತುಂಬಾ ಯೋಚಿಸಿದ್ದೇನೆ. ಆ ಸಾಕ್ಷಿಗಳು ನೋವು ತಿನ್ನುವಾಗ ನಾವು ನಕ್ಕಿದ್ದೆವು. ಕಟಕಟೆಯಲ್ಲಿ ನಮ್ಮನ್ನೂ ನಿಲ್ಲಿಸಿದ ಹಾಗೆ ಅನ್ನಿಸಿರಬೇಕು. 'ಇಷ್ಟವಾಗಲಿಲ್ಲ' ಅನ್ನುವುದರ ಒಳಗೆ ಇಂಥದ್ದೂ ಇರುತ್ತದೆ. ಬಿಡಿಸಿ ಬರೆದರೆ ಮಾತ್ರ ಗೊತ್ತಾಗುತ್ತದೆ.

ಇನ್ನೊಬ್ಬ ಸ್ಟ್ಯಾಂಡಪ್ ಕಲಾವಿದೆ ಮಾರ್ಗರೆಟ್ ಚೋ ಅವರ ವಿಷಯ ಬರೆಯುವಾಗ ನನಗೆ ಸಂಕಟವಾಗುತ್ತದೆ. 1994ರಲ್ಲಿ ಎಬಿಸಿ ಚಾನೆಲ್‌ನಲ್ಲಿ ಅವರ 'ಆಲ್-ಅಮೆರಿಕನ್ ಗರ್ಲ್' ಬಂತು. ಕೊರಿಯನ್ ಮೂಲದ ಅಮೆರಿಕನ್ ಕುಟುಂಬವೊಂದರ ಕಥೆ. ಚೋ ಅವರಿಗೆ ಆಗ 25 ವರ್ಷ. ವೇದಿಕೆ ಮೇಲೆ ಅವರು ತಮ್ಮ ಅಮ್ಮನ ಬಗ್ಗೆ ಹೇಳುತ್ತಿದ್ದ ಮಾತುಗಳು ಜನರಿಗೆ ತುಂಬಾ ಇಷ್ಟವಾಗಿದ್ದವು. ಸೀರಿಯಲ್ ಶುರುವಾಗುವ ಮೊದಲೇ ಅವರ ಮುಖ ತುಂಬಾ ಗುಂಡಗಿದೆ ಅಂತ ಚಾನೆಲ್ ಕಡೆಯಿಂದ ಮಾತು ಬಂತು. ಎರಡು ವಾರದಲ್ಲಿ 30 ಪೌಂಡ್ ಇಳಿಸಿದೆ, ಮೂತ್ರಪಿಂಡ ಕೈಕೊಟ್ಟಿತು ಅಂತ ಅವರೇ ಆಮೇಲೆ ವೇದಿಕೆ ಮೇಲೆ ಹೇಳಿದರು. ತಮ್ಮ ಬಗ್ಗೆಯೇ ಮಾಡಿದ ಪಾತ್ರದಲ್ಲಿ ತಾವು ಇರುವ ಹಾಗೆ ಕಾಣಿಸಿಕೊಳ್ಳಲು ಅವರಿಗೆ ಬಿಡಲಿಲ್ಲ.

ಸೀರಿಯಲ್ ಬಂದ ಮೇಲೆ ಇನ್ನೊಂದು ಕಡೆಯಿಂದ ಹೊಡೆತ. ಏಷ್ಯನ್ ಗುಣ ಜಾಸ್ತಿಯಾಯಿತು ಅಂದವರಿದ್ದರು, ಕಡಿಮೆಯಾಯಿತು ಅಂದವರೂ ಇದ್ದರು. ಏಷ್ಯನ್ನರಂತೆ ಇರುವುದು ಹೇಗೆ ಅಂತ ಅವರಿಗೆ ಹೇಳಿಕೊಡಲು ಒಬ್ಬ ಸಲಹೆಗಾರರನ್ನೇ ಗೊತ್ತು ಮಾಡಿದ್ದರಂತೆ. ಕೊರಿಯನ್ ಮೂಲದ ನೋಡುಗರಿಗೂ ಬೇಸರವಾಯಿತು. ಮನೆಯವರ ಪಾತ್ರ ಮಾಡಿದ ಹೆಚ್ಚಿನವರು ಕೊರಿಯನ್ನರಲ್ಲ, ಅವರ ಬಾಯಲ್ಲಿ ಕೊರಿಯನ್ ಮಾತು ಸರಿಯಾಗಿ ಬರುತ್ತಿರಲಿಲ್ಲ. ಆ ದೂರು ನ್ಯಾಯವಾದದ್ದು. ಟಿವಿಯಲ್ಲಿ ಮೊದಲ ಸಲ ತಮ್ಮಂಥವರ ಮನೆ ಕಾಣುವಾಗ, ಅದು ತಮ್ಮ ಮನೆಯ ಹಾಗೆ ಕೇಳಿಸದಿದ್ದರೆ ನೋವಾಗದೆ ಇರುತ್ತದಾ? ಆದರೆ ಆ ನೋವೆಲ್ಲ ಹೋಗಿ ಬಿದ್ದದ್ದು ಒಬ್ಬ ಹುಡುಗಿಯ ತಲೆ ಮೇಲೆ. ನಟರನ್ನು ಆರಿಸಿದವರು ಬೇರೆ, ಬರೆದವರು ಬೇರೆ. ಬೈಗುಳ ಮಾತ್ರ ಚೋ ಅವರಿಗೆ.

19 ಎಪಿಸೋಡಿಗೆ ಅದು ನಿಂತಿತು. ಅಮೆರಿಕದ ದೊಡ್ಡ ಚಾನೆಲ್‌ಗಳಲ್ಲಿ ಏಷ್ಯನ್ ಮೂಲದ ಕುಟುಂಬವೊಂದರ ಸಿಟ್‌ಕಾಮ್ ಮತ್ತೆ ನೆಲೆ ನಿಂತದ್ದು 2015ರಲ್ಲಿ, 'ಫ್ರೆಶ್ ಆಫ್ ದ ಬೋಟ್' ಬಂದಾಗ. ಇಪ್ಪತ್ತು ವರ್ಷ! ಒಂದು ಸೀರಿಯಲ್ ಸೋತಾಗ ಚಾನೆಲ್‌ಗಳು 'ಈ ಸೀರಿಯಲ್ ಸೋತಿತು' ಅಂತ ಓದಿಕೊಳ್ಳುವುದಿಲ್ಲ. 'ಇಂಥವರ ಕಥೆ ಜನರಿಗೆ ಬೇಡ' ಅಂತ ಓದಿಕೊಳ್ಳುತ್ತವೆ. ದೂರು ಬರೆಯುವಾಗ ನಾವು ಇದನ್ನು ನೆನಪಿಡಬೇಕು. 'ಕೊರಿಯನ್ ಮಾತು ಸರಿಯಿಲ್ಲ, ಕೊರಿಯನ್ ಬಲ್ಲವರನ್ನು ಹಾಕಿ' ಅನ್ನುವುದು ಒಂದು ಮಾತು. 'ಇದನ್ನು ನಿಲ್ಲಿಸಿ' ಅನ್ನುವುದು ಬೇರೆ ಮಾತು. ಮೊದಲನೆಯದನ್ನು ಗಟ್ಟಿಯಾಗಿ ಹೇಳದೇ ಹೋದರೆ ಎರಡನೆಯದಷ್ಟೇ ಕೇಳಿಸುತ್ತದೆ.

ನಗದೆ ಇರುವವರ ಬಗ್ಗೆ ಇಷ್ಟು ಬರೆದೆ. ನಕ್ಕವರ ಬಗ್ಗೆಯೂ ಬರೆಯಬೇಕು. ಕಪ್ಪು ಸ್ಟ್ಯಾಂಡಪ್ ಕಲಾವಿದ ಡೇವ್ ಶಾಪೆಲ್ ಅವರ 'ಶಾಪೆಲ್ಸ್ ಶೋ' 2003ರಲ್ಲಿ ಕಾಮಿಡಿ ಸೆಂಟ್ರಲ್ ಚಾನೆಲ್‌ನಲ್ಲಿ ಶುರುವಾಯಿತು. ಜನ ಹುಚ್ಚೆದ್ದು ನೋಡಿದರು. ಅದರಲ್ಲಿನ ಒಂದು ಸಾಲು ಎಷ್ಟು ಪ್ರಸಿದ್ಧವಾಯಿತು ಅಂದರೆ, 2004ರಲ್ಲಿ ಸ್ಯಾಕ್ರಮೆಂಟೊದಲ್ಲಿ ಅವರು ವೇದಿಕೆ ಮೇಲೆ ಮಾತಾಡುತ್ತಿದ್ದಾಗ ಜನ ಆ ಸಾಲನ್ನೇ ಕೂಗಿ ಕೂಗಿ ಅವರಿಗೆ ಮಾತಾಡಲು ಬಿಡಲಿಲ್ಲ. ಅವರು ಕೆಲವು ನಿಮಿಷ ವೇದಿಕೆ ಬಿಟ್ಟೇ ಹೋದರು. ಪ್ರೀತಿಯಿಂದಲೇ ಕೂಗಿದ್ದರು ಅಂತ ನಾನು ನಂಬುತ್ತೇನೆ. ಆದರೆ ಎದುರಿಗೆ ನಿಂತು ಹೊಸದೇನೋ ಹೇಳುತ್ತಿದ್ದ ಮನುಷ್ಯನನ್ನು ಅವರು ನೋಡಲಿಲ್ಲ, ಟಿವಿಯ ಪಾತ್ರವನ್ನು ಕರೆದರು.

ಮರುವರ್ಷ ಮೂರನೇ ಸೀಸನ್ ಮಾಡುತ್ತಿದ್ದಾಗ ಶಾಪೆಲ್ ಎಲ್ಲ ಬಿಟ್ಟು ದಕ್ಷಿಣ ಆಫ್ರಿಕಾಕ್ಕೆ ಹೋದರು. ಒಪ್ಪಂದ ಸುಮಾರು 5 ಕೋಟಿ ಡಾಲರಿನದು. ಕಾರಣಗಳಲ್ಲಿ ಒಂದನ್ನು ಅವರೇ ಆಮೇಲೆ ಹೇಳಿದರು. ಕಪ್ಪು ಜನರ ಬಗ್ಗೆ ಇರುವ ಕೆಟ್ಟ ಕಲ್ಪನೆಗಳನ್ನೇ ಎತ್ತಿಕೊಂಡು ಮಾಡಿದ ಒಂದು ಸ್ಕೆಚ್, ಅಂದರೆ ಚಿಕ್ಕ ಹಾಸ್ಯ ದೃಶ್ಯ, ಅದು. ಶೂಟಿಂಗ್ ಆಗುವಾಗ ಸೆಟ್ಟಿನಲ್ಲಿದ್ದ ಒಬ್ಬ ಬಿಳಿಯ ಮನುಷ್ಯ ನಕ್ಕ. ಆ ನಗು ಅವರಿಗೆ ಬೇರೆ ಥರ ಕೇಳಿಸಿತು. ನನ್ನ ಜೊತೆ ನಗುತ್ತಿದ್ದಾನಾ, ನನ್ನಂಥವರನ್ನು ನೋಡಿ ನಗುತ್ತಿದ್ದಾನಾ ಅನ್ನುವ ಅನುಮಾನ ಬಂತು.

ಇದನ್ನು ಓದಿದಾಗಿನಿಂದ ನಾನು ನನ್ನ ನಗುವನ್ನೂ ಗಮನಿಸಲು ಶುರು ಮಾಡಿದ್ದೇನೆ. ನಗು ಬಂತು ಅಂದ ಮಾತ್ರಕ್ಕೆ ಜೋಕ್ ಗೆದ್ದಿತು ಅಂತ ಅಲ್ಲ. ಯಾವುದೇ ರೇಟಿಂಗ್ ಲೆಕ್ಕದಲ್ಲಿ ಆ ಸೆಟ್ಟಿನ ಮನುಷ್ಯ ಒಳ್ಳೇ ಪ್ರೇಕ್ಷಕ. ಪೂರ್ತಿ ನೋಡಿದ, ಜೋರಾಗಿ ನಕ್ಕ. ಯಾಕೆ ನಕ್ಕ ಅನ್ನುವುದನ್ನು ಯಾವ ಯಂತ್ರವೂ ಬರೆದುಕೊಳ್ಳುವುದಿಲ್ಲ. ಕಲಾವಿದರ ಕಿವಿ ಬರೆದುಕೊಳ್ಳುತ್ತದೆ. ಆದ್ದರಿಂದ 'ತುಂಬಾ ನಕ್ಕೆ' ಅಂತ ಹೊಗಳುವಾಗಲೂ ಒಂದು ಸಾಲು ಜಾಸ್ತಿ ಬರೆಯಿರಿ ಅಂತ ನನ್ನ ಬೇಡಿಕೆ. ಯಾಕೆ ನಕ್ಕಿರಿ, ಯಾರ ಪರವಾಗಿ ನಕ್ಕಿರಿ ಅಂತ. ಅದು ಅವರಿಗೆ ಎಷ್ಟು ಧೈರ್ಯ ಕೊಡುತ್ತದೋ ನಮಗೆ ಗೊತ್ತಾಗುವುದಿಲ್ಲ.

ನೋಡದೇ ಬರೆಯುವವರಿಗೆ ಹೇಳಬೇಕಾದದ್ದು ಸ್ವಲ್ಪವೇ. 1997ರ ಏಪ್ರಿಲ್ 30ರಂದು 'ಎಲೆನ್' ಸೀರಿಯಲ್ಲಿನಲ್ಲಿ ಎಲೆನ್ ಡಿಜೆನರೆಸ್ ಅವರ ಪಾತ್ರ ತಾನು ಸಲಿಂಗಿ ಅಂತ ಹೇಳಿಕೊಂಡಿತು. ಅದೇ ಹೊತ್ತಿಗೆ ಎಲೆನ್ ಅವರೂ ತಮ್ಮ ಬಗ್ಗೆ ಬಹಿರಂಗವಾಗಿ ಹೇಳಿದ್ದರು. ಎಪಿಸೋಡ್ ಬರುವ ಮೊದಲೇ ಕೆಲವು ಜಾಹೀರಾತುದಾರರು ಹಿಂದೆ ಸರಿದರು. ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಎಬಿಸಿಯ ಸ್ಥಳೀಯ ಸ್ಟೇಷನ್ ಅದನ್ನು ತೋರಿಸುವುದೇ ಇಲ್ಲ ಅಂದಿತು. ಅಲ್ಲಿನ ಜನ ಸುಮ್ಮನೆ ಕೂರಲಿಲ್ಲ. ಸ್ಯಾಟಲೈಟ್ ಮೂಲಕ ಪ್ರಸಾರ ತರಿಸಿಕೊಂಡು, ದೊಡ್ಡ ಸಭಾಂಗಣದಲ್ಲಿ ಒಟ್ಟಿಗೆ ಕೂತು ನೋಡಿದರು. ಆ ದೃಶ್ಯ ನೆನೆದರೆ ನನ್ನ ಎದೆ ತುಂಬುತ್ತದೆ. ದೇಶದಲ್ಲಿ ಒಟ್ಟು 4.2 ಕೋಟಿ ಜನ ನೋಡಿದರು, ಬರವಣಿಗೆಗೆ ಅಮೆರಿಕದ ಟಿವಿಯ ದೊಡ್ಡ ಪ್ರಶಸ್ತಿ ಎಮ್ಮಿ ಬಂತು. ಆದರೂ ಮರುವರ್ಷ ಸೀರಿಯಲ್ ನಿಂತಿತು. ಇದರಲ್ಲಿ ನಗುವಿನ ಬಗ್ಗೆ ಒಪ್ಪುವ, ಒಪ್ಪದಿರುವ ಹಕ್ಕು ಎಲ್ಲರಿಗೂ ಇತ್ತು. ಆದರೆ ಗದ್ದಲ ಎಬ್ಬಿಸಿದವರಲ್ಲಿ ಎಷ್ಟೋ ಮಂದಿ ಅದನ್ನು ನೋಡುವ ಮೊದಲೇ ಎಬ್ಬಿಸಿದ್ದರು. ನೋಡದೇ ಬರೆದದ್ದಕ್ಕೆ ಪ್ರತಿಕ್ರಿಯೆ ಅನ್ನುವ ಹೆಸರೇ ಸಲ್ಲುವುದಿಲ್ಲ.

ಇಷ್ಟೆಲ್ಲ ಓದಿ, ಕಲಾವಿದರು ಏನು ಮಾಡಿದರೂ ನಾವು ಮೆತ್ತಗೆ ಮಾತಾಡಬೇಕಾ ಅಂತ ನೀವು ಕೇಳಬಹುದು. ಖಂಡಿತ ಇಲ್ಲ. ರೋಸ್ಯಾನ್ ಬಾರ್ ಅವರ 'ರೋಸ್ಯಾನ್' ದುಡಿಯುವ ಜನರ ಮನೆಯನ್ನು ಟಿವಿಗೆ ತಂದ ದೊಡ್ಡ ಸೀರಿಯಲ್. 1988ರಲ್ಲಿ ಶುರುವಾಗಿ 1997ರವರೆಗೆ ನಡೆಯಿತು. 2018ರ ಮಾರ್ಚಿನಲ್ಲಿ ಮತ್ತೆ ಬಂದಾಗ ಮೊದಲ ದಿನವೇ 1.8 ಕೋಟಿಗಿಂತ ಜಾಸ್ತಿ ಜನ ನೋಡಿದರು. ಎರಡು ತಿಂಗಳ ಮೇಲೆ ಅವರು ಒಬ್ಬ ಕಪ್ಪು ಮಹಿಳೆಯ ಬಗ್ಗೆ ಜನಾಂಗೀಯ ನಿಂದನೆಯ ಮಾತು ಬರೆದರು. ಜನ ಸಿಟ್ಟಿಗೆದ್ದರು, ಎಬಿಸಿ ಅದೇ ದಿನ ಸೀರಿಯಲ್ ನಿಲ್ಲಿಸಿತು. ಆ ಸಿಟ್ಟು ಸರಿಯಾದದ್ದೇ. ಅದೇ ವರ್ಷ ಅಕ್ಟೋಬರಿನಲ್ಲಿ ಅವರಿಲ್ಲದೆ, ಅದೇ ಮನೆಯ ಉಳಿದ ಪಾತ್ರಗಳನ್ನು ಇಟ್ಟುಕೊಂಡು 'ದ ಕಾನರ್ಸ್' ಬಂತು, 2025ರವರೆಗೆ ಓಡಿತು. ಅಂದರೆ ಜನ ಮನುಷ್ಯರ ಮಾತನ್ನೂ ಕಥೆಯನ್ನೂ ಬೇರೆ ಬೇರೆ ಮಾಡಿ ನೋಡಬಲ್ಲರು. ನೀವೂ ಬೇರೆ ಬೇರೆಯಾಗಿಯೇ ಬರೆಯಿರಿ. 'ಈ ಮನುಷ್ಯರು ಮಾಡಿದ್ದು ತಪ್ಪು, ಇವರ ಕೆಲಸವನ್ನು ನಾನಿನ್ನು ನೋಡಲಾರೆ' ಅನ್ನುವುದು ಪ್ರಾಮಾಣಿಕ ಮಾತು. ಅದನ್ನು ಮುಚ್ಚಿಟ್ಟು 'ಇವರಿಗೆ ಯಾವತ್ತೂ ನಗಿಸಲು ಬರುತ್ತಿರಲಿಲ್ಲ' ಅನ್ನುವುದು ಬೇಡ. ನಾವು ನಕ್ಕಿದ್ದೆವು ಅಲ್ವಾ?

ನಿಮಗೆ ನೋವಾದರೆ ನೋವಾಯಿತು ಅಂತ ಬರೆಯಿರಿ. ಯಾವ ಮಾತಿಗೆ ಅಂತ ಬರೆಯಿರಿ. ನೋವಿಗೆ ಪುರಾವೆ ಕೊಡಬೇಕಾಗಿಲ್ಲ, ವಿಳಾಸ ಇದ್ದರೆ ಸಾಕು. 'ಮೂರನೇ ಎಪಿಸೋಡಿನಲ್ಲಿ ತೊದಲುವ ಹುಡುಗನ ಬಗ್ಗೆ ಆಡಿದ ಮಾತು ನನಗೆ ಚುಚ್ಚಿತು, ನನ್ನ ತಮ್ಮನೂ ತೊದಲುತ್ತಾನೆ' ಅಂತ ಒಬ್ಬರು ಬರೆದರೆ, ಅದನ್ನು ಓದಿದ ಕಲಾವಿದರು ಆ ರಾತ್ರಿ ನಿದ್ದೆ ಮಾಡಲಾರರು. 'ಛೀ, ಕೀಳು ಅಭಿರುಚಿ' ಅಂತ ನೂರು ಜನ ಬರೆದರೆ ಅವರು ಫೋನ್ ಮುಚ್ಚಿಡುತ್ತಾರೆ. ಬೇಸರವಾದರೆ ಎಷ್ಟನೇ ನಿಮಿಷಕ್ಕೆ ಅಂತ ಹೇಳಿ. ವೇದಿಕೆಯಲ್ಲಿ ನೋಡಿದ್ದೇ ಇಲ್ಲಿಯೂ ಬೇಕಿತ್ತು ಅನ್ನಿಸಿದರೆ ಅದನ್ನೇ ಹೇಳಿ, ಅದೂ ನಿಜವಾದ ಆಸೆಯೇ. ಹತ್ತು ನಿಮಿಷಕ್ಕೆ ಬಿಟ್ಟಿದ್ದರೆ ಹತ್ತು ನಿಮಿಷದ ಬಗ್ಗೆ ಮಾತ್ರ ಬರೆಯಿರಿ. ಉಳಿದ ಏಳು ಎಪಿಸೋಡುಗಳ ಬಗ್ಗೆ ತೀರ್ಪು ಕೊಡುವ ಅಧಿಕಾರ ಅವನ್ನು ನೋಡಿದವರದು.

ಈ ಪತ್ರ ಚಾನೆಲ್‌ನವರ, ಸ್ಟ್ರೀಮಿಂಗ್ ಕಂಪನಿಗಳವರ ಕಣ್ಣಿಗೂ ಬಿದ್ದರೆ ಅವರಿಗೆ ಒಂದೇ ಮಾತು. ಎಷ್ಟು ಜನ ಬಿಟ್ಟುಹೋದರು ಅಂತ ಎಣಿಸುವ ನೀವು, ಉಳಿದುಕೊಂಡವರು ಏನು ಬರೆದಿದ್ದಾರೆ ಅಂತ ಓದುವುದಕ್ಕೂ ಯಾರನ್ನಾದರೂ ಕೂರಿಸಿ. ಓದಿದ್ದನ್ನು ಬರೆದವರಿಗೂ ನಟಿಸಿದವರಿಗೂ ಮುಟ್ಟಿಸಿ. ರಿಕ್ ಲಡ್ವಿನ್ ಕೈಯಲ್ಲೂ ಅದೇ 'ದುರ್ಬಲ' ಅನ್ನುವ ವರದಿ ಇತ್ತು. ಅವರು ಅದನ್ನು ಓದಿ, ಸೀರಿಯಲನ್ನೂ ನೋಡಿದ್ದರು.

ನಾನು ಬರೆದ ಆ ನಾಲ್ಕು ಸಾಲನ್ನು ಅಳಿಸಿಲ್ಲ. ಅಳಿಸಿದರೆ ನಾನು ಬರೆದೇ ಇಲ್ಲ ಅಂದ ಹಾಗಾಗುತ್ತದೆ. ಅದರ ಕೆಳಗೆ ಹೋದ ವಾರ ಇನ್ನೊಂದಿಷ್ಟು ಸೇರಿಸಿದೆ. ಮೊದಲ ಎಪಿಸೋಡಿನಲ್ಲಿ ನಾಲ್ಕನೇ ನಿಮಿಷಕ್ಕೆ, ಅವರು ಬೀಗದ ಕೈ ಹುಡುಕುತ್ತಾ ಕೈಯಲ್ಲೇ ಹಿಡಿದುಕೊಂಡಿದ್ದಾಗ, ನಕ್ಕೆ. ಒಂಬತ್ತನೇ ನಿಮಿಷಕ್ಕೆ ಪಕ್ಕದ ಮನೆಯವರು ಬಾಗಿಲು ತೆಗೆದಾಗ ಇನ್ನೂ ಜೋರಾಗಿ ನಕ್ಕೆ. ಹನ್ನೆರಡಕ್ಕೆ ಬೇಸರವಾಗಿ ನಿಲ್ಲಿಸಿದೆ. ಐದನೇ ಎಪಿಸೋಡಿನಲ್ಲಿ ಅಪ್ಪ ಜೋಕ್ ತಪ್ಪಾಗಿ ಹೇಳಿದಾಗ ನಕ್ಕು ನಕ್ಕು ಅತ್ತೆ, ಎಪಿಸೋಡ್ ನಿಲ್ಲಿಸಿ ನನ್ನ ಅಪ್ಪನಿಗೆ ಫೋನ್ ಮಾಡಿದೆ.

ಇದನ್ನೇ ಕಾಗದದಲ್ಲೂ ಬರೆದು ಅವರಿಗೆ ಕಳಿಸಿದ್ದೇನೆ. ಅವರು ಈಗ ಮತ್ತೆ ವೇದಿಕೆಗಳಿಗೆ ಹೋಗಿ ಹೊಸ ಸೆಟ್ ಕಟ್ಟುತ್ತಿದ್ದಾರಂತೆ.

ಇಂತಿ ನಿಮ್ಮವನೇ,
ಒಬ್ಬ ನೋಡುಗ